ತಣ್ಣೀರಣ್ಣ ಕಾಯಿಸಿದ ಲ್ಯಾಪ್‌ಟಾಪ್

ಅವನು ತೀರಿಕೊಂಡ ದಿನ ಬಸ್ ಡಿಪೋದ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ತಣ್ಣೀರಣ್ಣ ಇನ್ನಿಲ್ಲ’ ಎಂದು ಬರೆದಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬರೆದಿದ್ದರೆ ಡಿಪೋದ ಅರ್ಧ ಜನಕ್ಕೆ ತೀರಿಕೊಂಡದ್ದು ಯಾರೆಂದೇ ಗೊತ್ತಾಗುತ್ತಿರಲಿಲ್ಲ.

ಆ ಹೆಸರು ಬಂದದ್ದು ರೇಡಿಯೇಟರಿನಿಂದ. ಬಸ್ಸು ಹೊರಡುವ ಮೊದಲು ನೀರು ನೋಡುವುದು, ತಲುಪಿದ ಮೇಲೆ ನೋಡುವುದು, ಏರು ಶುರುವಾಗುವ ಮೊದಲು ಇಳಿದು ಮತ್ತೆ ನೋಡುವುದು. ಸೀಟಿನ ಹಿಂದೆ ಒಂದು ನೀರಿನ ಕ್ಯಾನು ಇದ್ದೇ ಇರುತ್ತಿತ್ತು. ಏರಿನ ನಡುವೆ ಬೇರೆಯವರ ಗಾಡಿ ಹೊಗೆಯಾಡುತ್ತ ನಿಂತಿದ್ದರೆ ಅವನು ತನ್ನ ಬಸ್ಸು ನಿಲ್ಲಿಸಿ ಕ್ಯಾನು ಕೊಡುತ್ತಿದ್ದ. ನೀರಿನ ಜೊತೆ ಉಪದೇಶ ಪುಕ್ಕಟೆ. “ಗಾಡಿ ಬಾಯಿ ಬಿಟ್ಟು ಹೇಳಲ್ಲ ಕಣೋ. ಅಂಗೈ ಇಟ್ಟು ಕೇಳ್ಬೇಕು.” ಅವನ ಕೈಯಲ್ಲಿ ಒಂದು ಎಂಜಿನ್ನೂ ಕುದಿದದ್ದಿಲ್ಲ. ಈ ಮಾತನ್ನು ಅವನೂ ಹೇಳುತ್ತಿದ್ದ, ಅವನನ್ನು ಕಂಡರಾಗದವರೂ ಹೇಳುತ್ತಿದ್ದರು.

ಅಂಥವನು ಸ್ವಂತ ಮಗಳ ಲ್ಯಾಪ್‌ಟಾಪನ್ನು ಕುದಿಸಿ ಕೆಡಿಸಿದ. ಈ ಕತೆಯನ್ನು ಅವನೇ ಒಬ್ಬಿಬ್ಬರು ಹತ್ತಿರದವರ ಮುಂದೆ ಹೇಳಿಕೊಂಡಿದ್ದ. ನಗಿಸುತ್ತ ಶುರುಮಾಡುತ್ತಿದ್ದ. ಕೊನೆಗೆ ಬರುವಾಗ ನೆಲ ನೋಡುತ್ತಿದ್ದ.

ಅವನದು ಮೂರನೆಯ ಮಹಡಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟೇ ಅಗಲದ ಬಾಲ್ಕನಿ. ಹೆಂಡತಿ ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹೋದರೆ ಊಟದ ಹೊತ್ತಿಗೆ ಬರುವಳು. ಕತ್ತರಿಸಿ ಉಳಿದ ತುಂಡುಗಳನ್ನು ತಂದು ಮನೆಯ ಸಾಮಾನಿಗೆಲ್ಲ ಕವರು ಹೊಲಿದು ತೊಡಿಸುವುದು ಅವಳ ಹುಚ್ಚು. ಟೀವಿಗೆ ಹೂವಿನ ಕವರು, ರೇಡಿಯೊಗೆ ಪಟ್ಟೆಯದು, ಮಿಕ್ಸಿಗೆ ನೆರಿಗೆ ಇಟ್ಟದ್ದು, ಬೀರುವಿನ ಮೇಲಿನ ಹಳೇ ಸೂಟ್‌ಕೇಸಿಗೂ ಒಂದು.

“ನಮ್ಮನೇಲಿ ಬರಿಮೈಲಿ ಇರೋನು ನಾನೊಬ್ಬನೇ” ಎಂದು ಅವನು ಬಂದವರೆದುರು ಆಡಿಕೊಳ್ಳುತ್ತಿದ್ದ.

“ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ, ನಿಮ್ಮದೂ ಅಳತೆ ತಗೊಂಡ್ಬಿಡ್ತೀನಿ” ಎನ್ನುತ್ತಿದ್ದಳು ಅವಳು.

ಮಗಳು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದಳು. ಕಚೇರಿಯ ಕೆಲಸಕ್ಕೆ ಅಲ್ಲೇ ಕಂಪ್ಯೂಟರ್ ಇತ್ತು. ಆದರೆ ಅವಳಿಗೆ ಸ್ವಂತವಾಗಿ ಒಂದು ಕಟ್ಟಡ ಮಾಡಬೇಕೆಂಬ ಆಸೆ. ಸಂಜೆ ಮನೆಗೆ ಬಂದು ಅದಕ್ಕಾಗಿ ಕೂರುತ್ತಿದ್ದಳು. ಇನ್ನೂ ಕಟ್ಟದ ಕಟ್ಟಡದೊಳಗೆ ಬಾಗಿಲು ತೆಗೆದು ನಡೆದುಹೋದ ಹಾಗೆ ಪರದೆಯ ಮೇಲೆ ತೋರಿಸಲು ಸಾಮಾನ್ಯ ಯಂತ್ರ ಸಾಲದೆಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದಳು.

“ಗೇಮಿಂಗ್ ಅಂದ್ರೆ ಆಟದ್ದಲ್ವಾ? ಕೆಲಸಕ್ಕೆ ಆಟದ ಸಾಮಾನು ತಂದ್ಯಾ?” ಎಂದು ಅವನು ಕೇಳಿದ್ದ.

“ಎಂಜಿನ್ ದೊಡ್ಡದು ಅಪ್ಪ, ಅಷ್ಟೇ.”

ಆ ಉತ್ತರ ಅವನಿಗೆ ಒಪ್ಪಿಗೆಯಾಗಿತ್ತು.

ವಯಸ್ಸಿಗೆ ಮೊದಲೇ ಅವನು ಕೆಲಸ ಬಿಟ್ಟ. ನಿಜ ಹೇಳಬೇಕೆಂದರೆ ಬಿಡಿಸಿದರು. ಕಣ್ಣಿನ ತಪಾಸಣೆಯಲ್ಲಿ ಬಲಗಡೆಯ ಅಂಚಿನ ನೋಟ ಸವೆದಿದೆ ಎಂದು ಬಂತು. ನೇರ ನೋಡಿದ್ದು ಕಾಣುತ್ತದೆ, ಬಲಪಕ್ಕದಿಂದ ಬಂದದ್ದು ತೀರ ಹತ್ತಿರ ಬಂದ ಮೇಲೆ ಕಾಣುತ್ತದೆ. ಡಿಪೋದಲ್ಲಿ ಅವನು ಆ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ಸಾರಿಕೊಂಡು ಬಂದ. ಮನೆಯಲ್ಲಿ ಅದನ್ನೂ ಹೇಳಲಿಲ್ಲ. “ಸಾಕಾಯ್ತು ಕಣೇ. ನಾನೇ ಬರೆದುಕೊಟ್ಟು ಬಂದೆ” ಎಂದ. ಹೆಂಡತಿ ನಂಬಿದಳು. ಇನ್ನಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೆಂದು ಸಂತೋಷಪಟ್ಟಳು.

ಆ ವಾರ ಅವಳ ತಮ್ಮ ಭಾವನನ್ನು ನೋಡಲು ಬಂದಿದ್ದ. ಭಾವಮೈದುನ ಸದಾ ಮೊಬೈಲಿನಲ್ಲಿ ಇಸ್ಪೀಟು ಆಡುವವನು. ತಣ್ಣೀರಣ್ಣ ಅವನನ್ನು ಕಂಡಾಗಲೆಲ್ಲ, “ಮೀಸೆ ನರೆತ ಮೇಲೆ ತೊಟ್ಟಿಲು ಬೇಕಾಯ್ತಾ ನಿಂಗೆ?” ಎಂದು ಕೆಣಕುತ್ತಿದ್ದ. ಆ ದಿನ ಮಗಳು ಅಪ್ಪನಿಗೆ ಖುಷಿಯಾಗಲೆಂದು ತನ್ನ ಲ್ಯಾಪ್‌ಟಾಪಿನಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿ, ಅದಕ್ಕೊಂದು ಸಣ್ಣ ಸ್ಟೀರಿಂಗನ್ನೂ ತಂದು ಮುಂದಿಟ್ಟಳು. ಭಾವಮೈದುನ ಹುಬ್ಬು ಹಾರಿಸಿದ. ತಣ್ಣೀರಣ್ಣ ಸ್ಟೀರಿಂಗನ್ನು ಒಂದೇ ಬೆರಳಿನಿಂದ ಆಚೆ ತಳ್ಳಿ, “ಬಸ್ಸು ಓಡಿಸಿದೋನಿಗೆ ಬೊಂಬೆ ಬಸ್ಸು ಕೊಡ್ತೀಯಾ? ಎತ್ತಿಡು” ಎಂದ. ಮಗಳು ಮುಖ ಸಣ್ಣದು ಮಾಡಿಕೊಂಡು ಎತ್ತಿಟ್ಟಳು.

ಮನೆಯಲ್ಲಿ ಒಬ್ಬನೇ ಇರುವ ಬೆಳಗುಗಳು ಶುರುವಾದವು. ಪೇಪರು ಮುಗಿಯಿತು, ಬಾಲ್ಕನಿ ಮುಗಿಯಿತು. ಒಂದು ದಿನ ಬಾಗಿಲ ಚಿಲಕ ಹಾಕಿ, ಮಗಳು ಎತ್ತಿಟ್ಟಿದ್ದ ಸ್ಟೀರಿಂಗನ್ನು ಕಪಾಟಿನಿಂದ ಇಳಿಸಿದ.

ಅವನು ಆಡಿದ್ದು ಆಟವೆಂದು ಹೇಳುವುದೇ ಕಷ್ಟ. ವೇಗವಿಲ್ಲ, ಗೆಲ್ಲುವುದಿಲ್ಲ. ಪ್ರತಿ ನಿಲ್ದಾಣದಲ್ಲಿ ನಿಲ್ಲಿಸಿ, ಪರದೆಯೊಳಗಿನ ಕೊನೆಯ ಮುದುಕಿ ಹತ್ತಿ ಕೂರುವ ತನಕ ಕಾಯುತ್ತಿದ್ದ. ಆದರೆ ಒಂದು ವಿಷಯ ಬಲುಬೇಗ ಗೊತ್ತಾಯಿತು. ಬಲಗಡೆ ತಿರುಗುವಾಗೆಲ್ಲ ಬಸ್ಸು ಏನಕ್ಕಾದರೂ ತಾಗುತ್ತಿತ್ತು. ಒಮ್ಮೆ ಕಂಬಕ್ಕೆ, ಒಮ್ಮೆ ನಿಂತ ಕಾರಿಗೆ. ಒಮ್ಮೆ ಸೈಕಲ್ಲಿನವನಿಗೆ. ಮೊದಲು ಆಟವನ್ನು ಬೈದ. ಸೈಕಲ್ಲಿನವನು ಬಿದ್ದ ದಿನ ಬೈಯಲಾಗದೆ ಕೈ ಮಡಚಿ ಕೂತ. ಡಾಕ್ಟರು ಹೇಳಿದ್ದು ನಿಜವೇ ಆಗಿದ್ದರೆ, ಕೆಲಸದ ಕೊನೆಯ ತಿಂಗಳುಗಳಲ್ಲಿ ಅವನ ಬಲಗಡೆ ಎಷ್ಟು ಸೈಕಲ್ಲುಗಳು ತಮ್ಮ ಅದೃಷ್ಟದಿಂದ ಪಾರಾಗಿ ಹೋಗಿದ್ದವೋ! ಅದು ಸುಳ್ಳಾಗಬೇಕಿತ್ತು. ಒಂದೇ ಒಂದು ಸುತ್ತು, ಎಲ್ಲೂ ತಾಗದೆ ಮುಗಿಸಿದರೆ ಸಾಕಿತ್ತು. ಅದಕ್ಕೇ ದಿನಾ ಕೂರುತ್ತಿದ್ದ.

ಯಂತ್ರ ಮಾತ್ರ ವಿಪರೀತ ಸದ್ದು ಮಾಡುತ್ತಿತ್ತು. ಆಟ ಭಾರದ್ದು, ಒಳಗಿನ ಫ್ಯಾನುಗಳು ಹುಯಿಲಿಡುತ್ತಿದ್ದವು. ಗೋಡೆಯಾಚೆಯ ಮನೆಯಾಕೆ ಒಂದು ದಿನ ಮೆಟ್ಟಿಲಲ್ಲಿ ತಡೆದಳು.

“ದಿನಾ ಬೆಳಿಗ್ಗೆ ನಿಮ್ಮನೇಲಿ ಮಿಕ್ಸಿ ಓಡ್ತಾನೇ ಇರುತ್ತಲ್ಲಣ್ಣ, ಅಷ್ಟೊಂದು ಏನು ರುಬ್ತೀರಿ? ನಿಮ್ಮ ಹೆಂಡ್ತಿ ಬರಲಿ ಕೇಳ್ತೀನಿ, ನಮ್ಮನೆಯವರಿಗೂ ಕಲಿಸ್ಲಿ.”

ಅವನಿಗೆ ಜೀವ ಬಾಯಿಗೆ ಬಂತು. ಬೊಂಬೆ ಬಸ್ಸೆಂದು ತಳ್ಳಿದವನು ಕದ್ದು ಬೊಂಬೆ ಬಸ್ಸು ಓಡಿಸುತ್ತಾನೆಂದು ಗೊತ್ತಾದರೆ ಭಾವಮೈದುನ ಬಿಟ್ಟಾನೆಯೇ?

ಆಗ ಅವನು ಮಾಡಿದ್ದು ಬಸ್ ಡ್ರೈವರು ಮಾತ್ರ ಮಾಡಬಹುದಾದ ತಪ್ಪು. ಹಳೆಯ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರಿನ ಪಕ್ಕದಲ್ಲೇ ಒಂದು ಮುಚ್ಚಳದಡಿ ಕೂತಿರುತ್ತಿತ್ತು. ಆ ಬಾನೆಟ್ಟಿನ ಮೇಲೆ ದಪ್ಪ ಕಂಬಳಿ ಹೊದಿಸಿದರೆ ಸದ್ದು ಅರ್ಧಕ್ಕೆ ಇಳಿಯುವುದು. ಎಂಜಿನ್ನಿಗೆ ಗಾಳಿ ಮುಂದಿನ ರೇಡಿಯೇಟರಿನಿಂದ ಬರುವುದರಿಂದ ಕಂಬಳಿಯಿಂದ ತೊಂದರೆಯಿಲ್ಲ. ಅವನೂ ಹಾಗೇ ಲೆಕ್ಕ ಹಾಕಿದ. ಹಳೆಯ ಉಣ್ಣೆ ಮಫ್ಲರನ್ನು ಕತ್ತರಿಸಿ, ಮಡಚಿ, ದಪ್ಪ ದಾರದಲ್ಲಿ ಹೊಲಿದು, ಸದ್ದು ಬರುತ್ತಿದ್ದ ಹಿಂಬದಿಗೆ ಒತ್ತಿ ಇಟ್ಟ. ಮೇಜು ನಡುಗದಂತೆ ಅಡಿಗೊಂದು ಉಣ್ಣೆಯ ಮಡಿಕೆ ಹಾಸಿದ. ಸದ್ದು ಇಳಿಯಿತು. ‘ಅನುಭವ ಅಂದ್ರೆ ಇದು’ ಎಂದುಕೊಂಡ.

ಆದರೆ ಈ ಯಂತ್ರ ಉಸಿರು ಎಳೆದುಕೊಳ್ಳುವುದು ಅಡಿಯಿಂದ, ಬಿಡುವುದು ಹಿಂದಿನಿಂದ. ಅವನು ಮೂಗು ಬಾಯಿ ಎರಡನ್ನೂ ಕಟ್ಟಿದ್ದ. ಪರದೆಯೊಳಗಿನ ಬಸ್ಸು ಬರಬರುತ್ತ ಮುಗ್ಗರಿಸತೊಡಗಿತು. ಕೀಬೋರ್ಡಿನ ಮೇಲ್ಗಡೆಯ ತಗಡು ಸುಡುತ್ತಿತ್ತು. ಅಂಗೈ ಇಟ್ಟ. ಅಂಗೈಗೆ ಗೊತ್ತಾಯಿತು, ಅದು ಸುಳ್ಳು ಹೇಳುವ ಅಂಗೈ ಅಲ್ಲ. ಆದರೂ ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಎಂದು ಮುಂದುವರಿಸಿದ. ಮೆಟ್ಟಿಲಲ್ಲಿ ಹೆಂಡತಿಯ ಚಪ್ಪಲಿ ಸದ್ದಾದೊಡನೆ ಕೆಂಡದಂತಿದ್ದ ಯಂತ್ರವನ್ನು ಹಾಗೇ ಮಡಚಿ ಚೀಲಕ್ಕೆ ತುರುಕಿ, ಉಣ್ಣೆಯನ್ನು ಹಾಸಿಗೆಯಡಿ ಒತ್ತಿ, ಪೇಪರು ಹಿಡಿದು ಕೂರುತ್ತಿದ್ದ.

ಅದೇ ಸಮಯಕ್ಕೆ ಮಗಳಿಗೆ ಸ್ವಂತದ ಮೊದಲ ಕೆಲಸ ಸಿಗುವುದರಲ್ಲಿತ್ತು. ಮಕ್ಕಳ ಆಸ್ಪತ್ರೆಯೊಂದಕ್ಕೆ ನಕ್ಷೆ. ಸಂಜೆಗಳನ್ನೆಲ್ಲ ಅದಕ್ಕೇ ಸುರಿದಿದ್ದಳು. ಕಿಟಕಿಗಳನ್ನು ಮಕ್ಕಳ ಎತ್ತರಕ್ಕೆ ಇಳಿಸಿದ್ದೇನೆಂದು ಊಟದ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದಳು. ಆಸ್ಪತ್ರೆಯವರಿಗೆ ತೋರಿಸಬೇಕಾದ ದಿನ ಲ್ಯಾಪ್‌ಟಾಪ್ ಹಿಡಿದು ಹೋದಳು. ಎಲ್ಲರೂ ನೋಡುತ್ತಿದ್ದಂತೆ ಆಸ್ಪತ್ರೆಯ ಬಾಗಿಲು ಅರ್ಧ ತೆರೆದು ಹಾಗೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಮತ್ತೆ ಕಪ್ಪು. ‘ನಾವೇ ಫೋನ್ ಮಾಡ್ತೀವಿ’ ಎಂದು ಕಳಿಸಿದರು. ಫೋನು ಬರಲಿಲ್ಲ.

ರಿಪೇರಿ ಅಂಗಡಿಗೆ ಅಪ್ಪನೂ ಜೊತೆಗೆ ಹೋದ. ಹೋಗದೆ ಮನೆಯಲ್ಲಿ ಕೂರಲು ಆಗಲಿಲ್ಲ. ಅಂಗಡಿಯಾಕೆ ಬಾಯಿತುಂಬ ಮಾತಿನವಳು. ಅಡಿಯ ತಿರುಪುಗಳನ್ನು ಬಿಚ್ಚಿ, ಮುಚ್ಚಳ ಎತ್ತಿ, ಶಿಳ್ಳೆ ಹಾಕಿದಳು. ಬಿಸಿ ಹೊರಹೋಗುವ ತೆಳು ಪಟ್ಟಿಗಳ ಸಂದಿಯಲ್ಲಿ ಬೂದುಬಣ್ಣದ ಉಣ್ಣೆ ಜಡೆಗಟ್ಟಿ ಕೂತಿತ್ತು.

“ಏನ್ ಮೇಡಂ, ಇದಕ್ಕೆ ಸ್ವೆಟರ್ ಹಾಕಿದ್ರಾ? ಚಳಿಯಾಗ್ತಿತ್ತಾ ಪಾಪ?”

“ನಾನು ಮೇಜಿನ ಮೇಲೆ ಇಟ್ಕೊಂಡೇ ಕೆಲಸ ಮಾಡೋದು” ಎಂದಳು ಮಗಳು.

“ಹಾಗಾದ್ರೆ ಮನೇಲಿ ಯಾರೋ ಮುಚ್ಚಿದ್ದಾರೆ. ಓಡ್ತಿರೋವಾಗ ಮುಚ್ಚಿದ್ದಾರೆ, ಇಲ್ಲಾಂದ್ರೆ ಇಷ್ಟು ಒಳಗೆ ಎಳೆಯಲ್ಲ.” ಅವಳು ಚಿಮಟದಿಂದ ಒಂದು ಎಳೆ ಹಿಡಿದೆತ್ತಿ, ಪಕ್ಕದಲ್ಲಿ ಸುಮ್ಮನೆ ನಿಂತ ಹಿರಿಯರಿಗೂ ತಿಳಿಯಲೆಂದು ಅವನ ಕಡೆ ತಿರುಗಿದಳು. “ಅಂಕಲ್, ಬಸ್ಸಿನ ಸೈಲೆನ್ಸರ್‌ಗೆ ಬಟ್ಟೆ ತುರುಕಿ ಏರು ಹತ್ತಿಸಿದ್ರೆ ಹೇಗಿರುತ್ತೆ? ಹಾಗೆ.”

ತಣ್ಣೀರಣ್ಣ ತಲೆಯಾಡಿಸಿದ. ಬೇರೇನು ಮಾಡಲಿ?

ಫ್ಯಾನು ಹೊಸದು ಹಾಕಬೇಕು, ಒಳಗಿನ ಬಿಸಿಯನ್ನು ಹೊರಕ್ಕೆ ದಾಟಿಸುವ ಪೇಸ್ಟು ಒಣಗಿ ಹಪ್ಪಳವಾಗಿದೆ, ಅದನ್ನು ಕೆರೆದು ಬೇರೆ ಹಚ್ಚಬೇಕು ಎಂದಳು ಆಕೆ. ಗಟ್ಟಿ ಮೇಜಿನ ಮೇಲೆ, ಹಿಂಬದಿ ಸ್ವಲ್ಪ ಎತ್ತಿ ಇಡಿ, ಅಡಿಯಲ್ಲಿ ಗಾಳಿ ಆಡಲಿ. ಆಗಾಗ ಮೆತ್ತನೆ ಬ್ರಷ್ಷಿನಿಂದ ಸಂದಿ ಗುಡಿಸಿ. ಬಿಸಿ ಇರುವಾಗ ಚೀಲಕ್ಕೆ ಹಾಕಬೇಡಿ. “ಮತ್ತೆ ಫ್ಯಾನ್ ಕೂಗಿದ್ರೆ ಬೇಜಾರು ಮಾಡ್ಕೋಬೇಡಿ. ಕೂಗ್ಲಿ ಬಿಡಿ. ಉಸಿರಾಡ್ತಿದೆ ಅಂತ ಅರ್ಥ.”

ಮನೆಗೆ ಬಂದ ಮಗಳು ಚಪ್ಪಲಿಯನ್ನೂ ಬಿಡಲಿಲ್ಲ.

“ಅಮ್ಮ, ನನ್ನ ಲ್ಯಾಪ್‌ಟಾಪಿಗೂ ಕವರು ಹಾಕಿದ್ಯಾ?”

“ನಾನಾ? ಇಲ್ವಲ್ಲೇ.”

“ಈ ಮನೇಲಿ ಇನ್ಯಾರಮ್ಮ ಕವರು ಹಾಕೋರು? ಒಳಗೆಲ್ಲ ಉಣ್ಣೆ ತುಂಬಿದೆ. ನಾನು ಚಾರ್ಜಿಗೆ ಹಾಕಿ ಹೋದಾಗ ಏನಾದ್ರೂ ಹೊದಿಸಿರ್ತೀಯ. ನನ್ನ ಆಸ್ಪತ್ರೆ ಕೆಲಸ ಹೋಯ್ತು, ಗೊತ್ತಾ ನಿಂಗೆ?”

ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ನಿಂತಳು. ಅವಳ ಕಣ್ಣು ಟೀವಿಯ ಕಡೆ ಹೋಯಿತು, ರೇಡಿಯೊ ಕಡೆ ಹೋಯಿತು. ಎಲ್ಲವೂ ಅವಳ ವಿರುದ್ಧ ಸಾಕ್ಷಿ ಹೇಳುವಂತೆ ಬಟ್ಟೆ ತೊಟ್ಟು ಕೂತಿದ್ದವು. “ಧೂಳು ಅಂತ ಯಾವಾಗಲೋ ಶಾಲು ಹಾಕಿದ್ನೇನೋ... ನೆನಪಿಲ್ಲ ಕಣೇ” ಎಂದಳು. ಮಾಡದ ತಪ್ಪನ್ನು ನೆನಪಿನಲ್ಲಿ ಹುಡುಕುತ್ತಿದ್ದಳು. ಅವನು ಬಾಗಿಲ ಹತ್ತಿರ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಈಗ ಹೇಳಬೇಕು ಅನ್ನಿಸಿತು. ಜೋಡಿಸಿದ ಚಪ್ಪಲಿಗಳನ್ನೇ ಮತ್ತೊಮ್ಮೆ ಜೋಡಿಸಿದ.

ಮಾರನೆಯ ದಿನ ಹೆಂಡತಿ ಅಂಗಡಿಗೆ ರಜೆ ಹಾಕಿ ಮನೆಯ ಕವರುಗಳನ್ನೆಲ್ಲ ಬಿಚ್ಚಿದಳು. ಟೀವಿಯದು, ರೇಡಿಯೊದ್ದು, ಮಿಕ್ಸಿಯದು, ಸೂಟ್‌ಕೇಸಿನದು. ಒಗೆದು, ಇಸ್ತ್ರಿ ಮಾಡಿ, ಮಡಚಿ, ಒಂದು ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಆಮೇಲೆ ಮನೆಯ ಸಾಮಾನು ಮುಟ್ಟುವಾಗೆಲ್ಲ ಯಾರದೋ ಮನೆಗೆ ಬಂದವಳಂತೆ ಕೇಳತೊಡಗಿದಳು. “ಈ ಮೇಜು ಒರೆಸಬಹುದೇನೇ?” ಒಂದು ಸಂಜೆ ಅವನನ್ನೇ ಕೇಳಿದಳು: “ರೀ, ರೇಡಿಯೊ ಕೂಡ ಉಸಿರಾಡುತ್ತಾ?”

ಅವನು, “ಗೊತ್ತಿಲ್ಲ” ಎಂದು ಎದ್ದು ಬಾಲ್ಕನಿಗೆ ಹೋದ.

ಲ್ಯಾಪ್‌ಟಾಪ್ ವಾಪಸು ಬಂತು. ಅವನು ಅದರ ಹತ್ತಿರ ಸುಳಿಯಲಿಲ್ಲ. ಮುಟ್ಟದಿದ್ದರೆ ತಾನಾಗಿಯೇ ಮರೆತುಹೋಗುತ್ತದೆ ಎಂದುಕೊಂಡಿದ್ದ. ಒಂದು ರಜೆಯ ದಿನ ಭಾವಮೈದುನ ಹೆಂಡತಿಯೊಂದಿಗೆ ಬಂದ. ಚಹಾ ಆಯಿತು. ಬೋಳು ಟೀವಿ ನೋಡಿ ಭಾವಮೈದುನ, “ಏನಕ್ಕಾ, ಟೀವಿಗೆ ಬಟ್ಟೆ ಬಿಚ್ಚಿಸಿದ್ದೀಯ?” ಎಂದ.

ಮಗಳ ಸಿಟ್ಟು ಅಷ್ಟರಲ್ಲಿ ತಮಾಷೆಯಾಗಿ ತಿರುಗಿತ್ತು. ಅಮ್ಮ ಲ್ಯಾಪ್‌ಟಾಪಿಗೆ ಸ್ವೆಟರು ಹಾಕಿದ ಕತೆಯನ್ನು ಅಂಗಡಿಯಾಕೆಯ ದನಿಯಲ್ಲೇ ಹೇಳಿದಳು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ನಗುತ್ತ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದಳು. ಮೇಲಿನ ಲೋಟ ಕೈಜಾರಿ ಉರುಳಿತು.

“ಅವಳಲ್ಲ” ಎಂದ ತಣ್ಣೀರಣ್ಣ. “ನಾನು ಮುಚ್ಚಿದ್ದು.”

ಭಾವಮೈದುನ ಚಪ್ಪಾಳೆ ತಟ್ಟಿದ. “ಆಹಾ! ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡ್ರಪ್ಪ! ಭಾವ, ನೀವು ಇಷ್ಟು ರಸಿಕರು ಅಂತ ಗೊತ್ತೇ ಇರ್ಲಿಲ್ಲ.”

“ನಿಜ ಹೇಳ್ತಿದ್ದೀನಿ.”

“ಸುಮ್ನಿರ್ರೀ, ಎಲ್ಲರೆದುರು ಏನಿದು” ಎಂದಳು ಹೆಂಡತಿ. ಅವಳ ಮುಖದಲ್ಲಿ ನಾಚಿಕೆಯೂ ಇತ್ತು, ಬಹಳ ದಿನಗಳಿಂದ ಕಾಣದಿದ್ದ ಒಂದು ಹಿಗ್ಗೂ ಇತ್ತು. ಗಂಡ ತನಗಾಗಿ ಸುಳ್ಳು ಹೇಳುತ್ತಿದ್ದಾನೆಂದು ಅವಳು ನಂಬಿದ್ದಳು. ಆ ಹಿಗ್ಗನ್ನು ಹಾಗೇ ಉಳಿಸಿ ಸುಮ್ಮನಾಗಿಬಿಡಬಹುದಿತ್ತು. ಅವನು ಆ ಮುಖವನ್ನು ನೋಡಿದ. ಆ ಹಿಗ್ಗನ್ನು ಕದ್ದು ತಿನ್ನಲು ಅವನಿಂದ ಆಗಲಿಲ್ಲ. ಎದ್ದು ಕಪಾಟಿನಿಂದ ಸ್ಟೀರಿಂಗು ತಂದು, ಮಗಳ ಮೇಜಿನ ಮುಂದೆ ಕೂತ. ಆಟವನ್ನು ಎಲ್ಲಿ ಹುಡುಕಬೇಕೆಂದು ಯಾರನ್ನೂ ಕೇಳಲಿಲ್ಲ.

ಫ್ಯಾನುಗಳು ಕೂಗತೊಡಗಿದವು. ನಿಲ್ದಾಣ ಬಂತು, ನಿಲ್ಲಿಸಿದ. ಮುದುಕಿ ಹತ್ತಿದಳು, ಕೂರುವ ತನಕ ಕಾದ. ಪಳಗಿದ ಕೈ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. “ತೊಟ್ಟಿಲು ಬೇಕಾಯ್ತಾ ಭಾವ?” ಎಂದು ಭಾವಮೈದುನ ಶುರುಮಾಡಿದ. ಅಷ್ಟರಲ್ಲಿ ಬಸ್ಸು ಬಲಕ್ಕೆ ತಿರುಗಿತು.

“ಅಪ್ಪ, ಸೈಕಲ್!” ಮಗಳು ಕೂಗಿದಳು.

ಅವನಿಗೆ ಕಾಣಲಿಲ್ಲ. ಅಲ್ಲಿದ್ದ ಎಲ್ಲರಿಗೂ ಕಂಡಿತ್ತು. ಕಾಣುವ ಹೊತ್ತಿಗೆ ಸೈಕಲ್ಲು ಬಸ್ಸಿನಡಿ ಇತ್ತು.

ಭಾವಮೈದುನ ಮುಂದಿನ ಮಾತನ್ನು ನುಂಗಿಕೊಂಡ. ಹೆಂಡತಿ ಹತ್ತಿರ ಬಂದು, ಪರದೆಯನ್ನಲ್ಲ, ಅವನನ್ನು ನೋಡಿದಳು.

“ನಿಮಗೆ ಆ ಕಡೆ ಕಾಣಲ್ವಾ?”

“ಇಲ್ಲ.”

“ಯಾವಾಗಿಂದ?”

“ಅದಕ್ಕೇ ಬಿಡಿಸಿದ್ದು. ನಾನು ಬರೆದುಕೊಟ್ಟಿದ್ದಲ್ಲ.”

ಅವಳು ಲೋಟಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಬಂದವರು ಸ್ವಲ್ಪ ಹೊತ್ತಿನಲ್ಲೇ ಎದ್ದರು. ಬಾಗಿಲಲ್ಲಿ ಭಾವಮೈದುನ ಅವನ ಭುಜ ಮುಟ್ಟಿ ಹೋದ. ಅವನು ಕೆಣಕಿದ್ದರೇ ವಾಸಿಯಾಗಿತ್ತು.

ಮಗಳು ಮೇಜಿನ ಅಂಚಿಗೆ ಒರಗಿ ನಿಂತಿದ್ದಳು. ಬೈಯುತ್ತಾಳೆಂದು ಅವನು ಕಾದ. ಆಸ್ಪತ್ರೆಯ ಕೆಲಸ ಹೋದದ್ದಕ್ಕೆ ಬೈಯಲಿ, ಕದ್ದು ಆಡಿದ್ದಕ್ಕೆ ಬೈಯಲಿ.

“ಆಡಿದ್ದಕ್ಕೇನಿಲ್ಲ ಅಪ್ಪ. ನಾನೇ ಹಾಕಿಕೊಟ್ಟಿದ್ದು. ಹೇಳಿದ್ರೆ ನಾನೇ ಸ್ಟ್ಯಾಂಡ್ ತಂದುಕೊಡ್ತಿದ್ದೆ.” ಅವಳ ದನಿ ತಗ್ಗಿತು. “ನಾನಂತೂ ಗೊತ್ತಿಲ್ದೆ ಅಮ್ಮನ್ನ ಅಂದೆ. ನಿಮಗೆ ಗೊತ್ತಿತ್ತು. ಅವಳು ಆ ಕವರುಗಳನ್ನೆಲ್ಲ ಬಿಚ್ತಿದ್ದಾಗ ನೀವು ಇಲ್ಲೇ ಇದ್ರಲ್ಲ. ಏನ್ಮಾಡ್ತಿದ್ರಿ?”

ಅವನು ಸ್ಟೀರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ.

“ಬೀರು ಮೇಲಿನ ಸೂಟ್‌ಕೇಸ್ ಕವರು ತೆಗೆಯೋಕೆ ಅವಳು ಸ್ಟೂಲ್ ಹತ್ತಿದ್ದಳು. ಬೀಳಬಾರ್ದು ಅಂತ ಹಿಡ್ಕೊಂಡಿದ್ದೆ.”

ಮಗಳು ಮುಖ ತಿರುಗಿಸಿದಳು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಒಳಗಿನಿಂದ ಹೆಂಡತಿಯ ದನಿ ಬಂತು, ಏರದೆ, ಇಳಿಯದೆ.

“ಹೌದು. ಗಟ್ಟಿಯಾಗೇ ಹಿಡಿದಿದ್ರು.”

ಅವನು ಕತೆ ನಿಲ್ಲಿಸುತ್ತಿದ್ದುದು ಇಲ್ಲೇ. ಅವಳು ಹೇಳಿದ್ದು ಚುಚ್ಚುಮಾತೋ ಕ್ಷಮೆಯೋ ಅವನಿಗೆ ಗೊತ್ತಾಗಲಿಲ್ಲ. ಆಮೇಲೆಯೂ ಅವರು ಎಷ್ಟೋ ವರ್ಷ ಒಂದೇ ಮನೆಯಲ್ಲಿ ಉಂಡರು, ಮಾತಾಡಿದರು, ನಕ್ಕರು. ಕೇಳುವ ಮುಖ ಅವನಿಗಿರಲಿಲ್ಲ.